ರಿಜಿಸ್ಟ್ರಿ ಸೀರೆ

ಪಾಂಡವಪುರದ ಪವಿತ್ರ ನಲವತ್ತೈದು ದಾಟಿದ ಮೇಲೆ ಲಾ ಕಾಲೇಜಿಗೆ ಸೇರಿದಳು. ಸೇರಿದ್ದು ದೊಡ್ಡ ವಿಷಯವಲ್ಲ. ಯಾಕೆ ಸೇರಿದೆ ಎಂದು ಕೇಳಿದವರಿಗೆಲ್ಲ ಉತ್ತರ ಕೊಟ್ಟು ಕೊಟ್ಟು ಅವಳ ಗಂಟಲು ಒಣಗಿಹೋದದ್ದೇ ದೊಡ್ಡ ವಿಷಯ. "ಓದ್ಬೇಕು ಅನ್ನುಸ್ತು, ಸೇರ್ಕೊಂಡೆ" ಎಂದರೆ ಯಾರೂ ನಂಬುತ್ತಿರಲಿಲ್ಲ. ಹಾಲಿನ ಡೈರಿ ಮುಂದೆ ನಿಂತವರು ನಂಬಲಿಲ್ಲ, ಹಿಟ್ಟಿನ ಗಿರಣಿಯವನು ನಂಬಲಿಲ್ಲ, ದೇವಸ್ಥಾನದ ಪೂಜಾರಪ್ಪ ಕುಂಕುಮ ಕೊಡುತ್ತ ಕಣ್ಣು ಕಿರಿದು ಮಾಡಿ, "ಅದ್ಸರಿ ಕಣವ್ವ, ನಿಜ್ವಾಗ್ಲೂ ಯಾಕೆ?" ಎಂದು ಕೇಳಿದ. ಈ ಸೀಮೆಯಲ್ಲಿ ಹೆಂಗಸು ಸುಮ್ಮನೆ ಮೈಸೂರಿಗೆ ಹೋಗಿ ಬರಬಹುದು, ಸುಮ್ಮನೆ ಒಂದು ಜೊತೆ ಓಲೆ ಮಾಡಿಸಿಕೊಳ್ಳಬಹುದು, ಆದರೆ ಸುಮ್ಮನೆ ಕಾನೂನು ಓದುವ ಹಾಗಿಲ್ಲ. ಯಾರ ಮೇಲೋ ಕೇಸು ಹಾಕಲಿಕ್ಕೇ ಇರಬೇಕು.

ಕಾರಣವೇ ಇರಲಿಲ್ಲವೆಂದಲ್ಲ. ಇತ್ತು, ಆದರೆ ಹಿಟ್ಟಿನ ಗಿರಣಿಯ ಗದ್ದಲದಲ್ಲಿ ನಿಂತು ಹೇಳುವಂಥದ್ದಾಗಿರಲಿಲ್ಲ. ಪವಿತ್ರ ಇಪ್ಪತ್ತು ವರ್ಷ ಪೇಟೆ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದವಳು. ಬ್ಲೌಸು, ಲಂಗ, ಸೀರೆಗೆ ಫಾಲ್, ಸೆರಗಿಗೆ ಕುಚ್ಚು. ಅಳತೆ ಕೊಡಲು ಬಂದ ಹೆಂಗಸರು ಅಳತೆಯೊಂದನ್ನೇ ಕೊಟ್ಟು ಹೋಗುವುದಿಲ್ಲ. ಗಂಡನ ಕುಡಿತ, ಅತ್ತೆಯ ಬಾಯಿ, ಮೈದುನನ ಕಿತಾಪತಿ ಎಲ್ಲವನ್ನೂ ಕೌಂಟರಿನ ಮೇಲೆ ಸುರಿದು ಹೋಗುತ್ತಾರೆ. ಟೇಪು ಕೊರಳಿಗೆ ಹಾಕಿಕೊಂಡು ಎಲ್ಲವನ್ನೂ ಕೇಳಿಸಿಕೊಂಡ ಪವಿತ್ರ ಕೊನೆಗೆ ಹೇಳುತ್ತಿದ್ದದ್ದು ಒಂದೇ ಮಾತು: "ಓಗ್ಲಿ ಬುಡಕ್ಕ, ಅನುಸರುಸ್ಕೊಂಡ್ ಓಗಿ."

ಅವರಲ್ಲಿ ಒಂದು ಬಗೆಯ ಗಿರಾಕಿಗಳಿದ್ದರು. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಾದರೆ ಅಕ್ಕತಂಗಿಯರ ಸಹಿ ಬೇಕು. ನನ್ನ ಪಾಲಿನ ಹಕ್ಕು ಬಿಟ್ಟಿದ್ದೇನೆ ಎನ್ನುವ ಸಹಿ. ಇದನ್ನು ಈ ಕಡೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಒಂದು ಒಳ್ಳೆಯ ಸೀರೆ ಬರುತ್ತದೆ. ಸೀರೆಯ ಹಿಂದೆಯೇ ಒಂದು ಫೋನು ಬರುತ್ತದೆ: "ಇಂಥಾ ದಿನ ಬಿಡುವು ಮಾಡ್ಕೊಂಡು ಬಂದ್ಬುಡು, ಊಟ ಅಲ್ಲೇ." ಹೆಂಗಸು ಹೊಸ ಬ್ಲೌಸು ತೊಟ್ಟು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗುತ್ತಾಳೆ. ತೋರಿಸಿದ ಕಡೆಯೆಲ್ಲ ಸಹಿ, ಕ್ಯಾಮೆರಾ ನೋಡಿಕೊಂಡು ಒಂದು ಫೋಟೊ, ಆಮೇಲೆ ಮಿಲ್ಟ್ರಿ ಹೋಟೆಲಿನಲ್ಲಿ ಮುದ್ದೆ, ಮಟನ್ ಸಾರು, ಸಂಜೆಯ ಬಸ್ಸಿಗೆ ವಾಪಸ್ಸು. ಪವಿತ್ರ ಮನಸ್ಸಿನಲ್ಲೇ ಅದಕ್ಕೆ ರಿಜಿಸ್ಟ್ರಿ ಸೀರೆ ಎಂದು ಹೆಸರಿಟ್ಟಿದ್ದಳು. "ಯಾವ ಫಂಕ್ಷನ್ನಿಗಕ್ಕ?" ಎಂದಾಗ ಗಿರಾಕಿ ಮುಖ ಆ ಕಡೆ ತಿರುಗಿಸಿ, "ಇಂಗೇ, ಅಣ್ಣ ಕೊಡುಸ್ದ" ಎಂದರೆ ಅವಳಿಗೆ ತಿಳಿದುಹೋಗುತ್ತಿತ್ತು. ಅವರಿಗೂ ಅವಳು ಹೇಳುತ್ತಿದ್ದದ್ದು ಅದನ್ನೇ. ಓಗ್ಲಿ ಬುಡಕ್ಕ.

ಆ ಮಾತನ್ನು ತನ್ನ ಬಾಯಲ್ಲೇ ಕೇಳಿ ಕೇಳಿ ಅವಳಿಗೆ ರೇಜಿಗೆ ಹುಟ್ಟಿತು. ಎಷ್ಟು ಅಂದರೆ, ಒಂದು ದಿನ ಒಬ್ಬಳಿಗೆ ತೋಳಿನ ಅಳತೆ ತೆಗೆಯುತ್ತ "ಓಗ್ಲಿ" ಎಂದವಳು ಅಲ್ಲಿಗೇ ನಿಲ್ಲಿಸಿ, ಮುಂದಿನದು ಹೇಳಲಾರದೆ ಟೇಪು ಮಡಚಿಟ್ಟಳು. ಮದುವೆಗೆ ಮೊದಲು ಓದಿದ ಬಿ.ಎ. ಹೇಗೂ ಇತ್ತು. ಆ ವರ್ಷವೇ ಅಂಗಡಿ ಮುಚ್ಚಿ, ಒಂದು ಮಷೀನು ಮಾತ್ರ ಮನೆಯಲ್ಲಿಟ್ಟುಕೊಂಡು, ಶ್ರೀರಂಗಪಟ್ಟಣದಾಚೆ ಹೆದ್ದಾರಿ ಪಕ್ಕದ ಲಾ ಕಾಲೇಜಿನಲ್ಲಿ ಮೂರು ವರ್ಷದ ಕೋರ್ಸಿಗೆ ಹೆಸರು ಬರೆಸಿದಳು.

ಮೊದಲ ದಿನವೇ ಗೇಟಿನಲ್ಲಿ ಸೆಕ್ಯುರಿಟಿಯವನು ತಡೆದ. "ಪೇರೆಂಟ್ಸ್ ಮೀಟಿಂಗು ಶನಿವಾರ ಕಣಮ್ಮ, ಇವತ್ತಲ್ಲ" ಎಂದ. ಅವಳು ಐಡಿ ಕಾರ್ಡು ತೋರಿಸಿದರೆ, "ಮಗಳ ಕಾರ್ಡ್ ನೀವ್ಯಾಕ್ ಇಸ್ಕೊಂಡ್ ಬಂದ್ರಿ?" ಎಂದು ಅವಳನ್ನೇ ಗದರಿದ. ಒಳಗೆ ಹೋದರೆ ಇಡೀ ಕ್ಲಾಸು ಆಂಟಿ ಎಂದು ಕರೆಯಿತು. ಪಕ್ಕದಲ್ಲಿ ಕೂರುತ್ತಿದ್ದ ಹೇಮಶ್ರೀಗೆ ಪವಿತ್ರಳ ಅರ್ಧ ವಯಸ್ಸೂ ಇರಲಿಲ್ಲ. ಒಳ್ಳೆಯ ಹುಡುಗಿಯೇ, ಆದರೆ ಕರಾರು ಕಾಯ್ದೆ ಪಾಠ ನಡೆಯುತ್ತಿರುವಾಗ ಡೆಸ್ಕಿನ ಕೆಳಗಿಂದ ಬ್ಲೌಸು ತೂರಿಸಿ, "ಆಂಟಿ, ಇದನ್ನ ಒಂದು ಚೂರು ಟೈಟ್ ಮಾಡಿ ಕೊಡ್ತೀರಾ?" ಎಂದು ಪಿಸುಗುಟ್ಟಿದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ಉರಿಯಿತು. ಉರಿದುಕೊಂಡೇ ಟೈಟ್ ಮಾಡಿಕೊಟ್ಟಳು.

ಮನೆಯ ಕಥೆಯೂ ಏನು ಕಡಿಮೆಯಲ್ಲ. ಗಂಡ ನಿಂಗರಾಜು ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವವನು. ಹೆಂಡತಿಯ ಓದಿಗೆ ಅವನು ಎಂದೂ ಅಡ್ಡ ಬರಲಿಲ್ಲ. ಅಡ್ಡ ಬಂದಿದ್ದರೇ ವಾಸಿಯಿತ್ತು. ಅಂಗಡಿಗೆ ಸುಟ್ಟ ಮೋಟಾರು ತಂದವರಿಗೆಲ್ಲ, "ನಮ್ಮನೇಲಿ ಲಾಯರ್ ಅವ್ರೆ, ಬದುವಿನ್ ತಕರಾರು ಇದ್ರೆ ಮನೆ ಕಡೆ ಬನ್ನಿ" ಎಂದು ಹೇಳಿ ಕಳಿಸುತ್ತಿದ್ದ. ಬೆಳಿಗ್ಗೆ ಅವಳು ಪುಸ್ತಕ ತೆರೆದು ಕುಳಿತರೆ ಜಗುಲಿಯ ಮೇಲೆ ಯಾರೋ ಬೀಡಿ ಕಚ್ಚಿಕೊಂಡು ಕಾಯುತ್ತಿರುವುದು. "ರೀ, ನಾನಿನ್ನೂ ಓದ್ತಾ ಇವ್ನಿ, ಲಾಯರಲ್ಲ" ಎಂದು ಎಷ್ಟು ಸಲ ಹೇಳಿದಳೋ. "ಓದ್ದೋರ್ಗಿಂತ ಓದ್ತಾ ಇರೋರ್ಗೇ ಎಲ್ಲ ಗ್ಯಾಪ್ಕ ಇರ್ತದೆ ಬುಡಮ್ಮಿ" ಎಂದು ಅವನು ನಗುತ್ತಿದ್ದ. ಇಂಥ ಗಂಡಸಿನ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ?

ಇವೆಲ್ಲ ಸಹಿಸಬಹುದಾದ ಕಾಟಗಳು. ಸಹಿಸಲಾಗದ್ದು ಬೂಕನಕೆರೆಯಿಂದ ಬಂತು.

ಬೂಕನಕೆರೆ ಅವಳ ತವರು. ಅಪ್ಪ ತೀರಿಕೊಂಡು ಕೆಲವು ವರ್ಷವಾಗಿತ್ತು. ಅವ್ವ ಚಿಕ್ಕಬೋರಮ್ಮ ಅಣ್ಣ ದೇವರಾಜುವಿನ ಜೊತೆ ಇದ್ದಳು. ನಾಲೆ ಪಕ್ಕದ ಗದ್ದೆಯ ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಪವಿತ್ರ ಕಾಲೇಜು ಸೇರಿದ ಸುದ್ದಿ ದೇವರಾಜುವಿನ ಕಿವಿಗೆ ಬಿದ್ದದ್ದು ಒಂದು ಬೀಗರೂಟದಲ್ಲಿ. ಎಲೆಯ ಮುಂದೆ ಪಕ್ಕದಲ್ಲಿ ಕೂತಿದ್ದವನೊಬ್ಬ ಮೂಳೆ ಚೀಪುತ್ತ, "ನಿನ್ ತಂಗಿ ಲಾ ಓದ್ತಾವ್ಳಂತಲ್ಲೋ, ಉಷಾರು ಕಣ್ಲಾ ದೇವ್ರಾಜ" ಎಂದನಂತೆ. ಅಷ್ಟೇ. ದೇವರಾಜು ಊಟ ಅರ್ಧಕ್ಕೇ ಬಿಟ್ಟು ಎದ್ದನಂತೆ. ಅಲ್ಲಿಂದ ಅವನ ಫೋನು ನಿಂತುಹೋಯಿತು.

ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪದೆ ಅಣ್ಣ ಮೋಟಾರ್ ಬೈಕಿನಲ್ಲಿ ಮೊರ ಕಟ್ಟಿಕೊಂಡು ಬಂದು, ಜಗುಲಿಯ ಮೇಲೆ ಕೂತು ಕಾಫಿ ಕುಡಿದು, "ಚೆನ್ನಾಗಿರವ್ವ" ಎಂದು ಹೋಗುತ್ತಿದ್ದ. ಆ ದಿನ ಪವಿತ್ರ ಹೂರಣದ ಕೈಯಲ್ಲೇ ಬಾಗಿಲಿಗೂ ಒಲೆಗೂ ಓಡಾಡಿದಳು. ಸಂಜೆಯಾದ ಮೇಲೆ, ಬೈಕಿನ ಸದ್ದು ಕೇಳಿದರೆ ಎದ್ದು ನೋಡುವುದನ್ನು ಬಿಟ್ಟಳು. ಆಮೇಲೆ ಸ್ನಾನದ ಮನೆಗೆ ಹೋಗಿ ಅತ್ತಳು.

ಸಂಕಟ ಏನೆಂದರೆ, ಪಾಲು ಕೇಳುವ ಯೋಚನೆ ಅವಳಿಗೆ ಕನಸಿನಲ್ಲೂ ಬಂದಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಎರಡೇ: ಓದೂ ಆಗಬೇಕು, ತವರಿನ ಬಾಗಿಲೂ ತೆರೆದಿರಬೇಕು. ಒಂದಕ್ಕಾಗಿ ಇನ್ನೊಂದನ್ನು ಬಿಡು ಎಂದು ಇವರೆಲ್ಲ ಸೇರಿ ಯಾಕೆ ಗೋಳು ಹುಯ್ದುಕೊಳ್ಳುತ್ತಾರೆ? ಕೊನೆಗೆ ತಡೆಯಲಾರದೆ ತಾನೇ ಫೋನು ಮಾಡಿ, "ಅಣ್ಣಯ್ಯ, ನಂಗ್ಯಾಕ್ ಬೇಕು ಜಮೀನು? ನೀನೇ ಇಟ್ಕೊ" ಎಂದಳು. ದೇವರಾಜು, "ಅಯ್ಯೋ, ನಾನೇನ್ ನಿನ್ ಕೇಳಿದ್ನಾ?" ಎಂದು ಫೋನು ಇಟ್ಟುಬಿಟ್ಟ. ಇಂಥವರಿಗೆ ಏನು ಹೇಳುವುದು? ಕೊಡುತ್ತೇನೆ ಎಂದರೆ ಕೇಳಿಲ್ಲ ಅನ್ನುತ್ತಾನೆ. ಸುಮ್ಮನಿದ್ದರೆ ಕಿತ್ತುಕೊಳ್ಳುತ್ತಾಳೆ ಅನ್ನುತ್ತಾನೆ.

ಹೀಗೇ ಎರಡು ವರ್ಷ ಕಳೆದು ಕೊನೆಯ ವರ್ಷ ಬಂತು. ಅದರಲ್ಲಿ ಅಣಕು ನ್ಯಾಯಾಲಯ ಎನ್ನುವುದೊಂದಿದೆ. ಕಾಲೇಜಿನ ಹಾಲಿನಲ್ಲೇ ಕೋರ್ಟಿನ ಹಾಗೆ ಮೇಜು ಜೋಡಿಸಿ, ಮೇಷ್ಟ್ರು ಜಡ್ಜಿಯಾಗಿ ಕೂತು, ವಿದ್ಯಾರ್ಥಿಗಳು ಕಪ್ಪು ಕೋಟು ಹಾಕಿಕೊಂಡು ವಾದ ಮಾಡಬೇಕು. ಅದರಲ್ಲಿ ಪಾಸಾಗದಿದ್ದರೆ ಮಿಕ್ಕಿದ್ದೆಲ್ಲ ಪಾಸಾಗಿಯೂ ಉಪಯೋಗವಿಲ್ಲ. ಜಡ್ಜಿಯಾಗಿ ಕೂತವರು ಚಂದ್ರಶೇಖರ ಸಾರ್. ಪವಿತ್ರಳಿಗಿಂತ ಹತ್ತು ವರ್ಷ ಚಿಕ್ಕವರು, ನಗುವುದು ಕಡಿಮೆ. ಅವಳ ಪಾಲಿಗೆ ಬಂದ ಕೇಸನ್ನು ನೋಡಿ ಅವಳಿಗೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಮದುವೆಯಾದ ಮಗಳೊಬ್ಬಳು ಅಪ್ಪನ ಜಮೀನಿನಲ್ಲಿ ಪಾಲು ಕೇಳಿದ್ದಾಳೆ. ಅಣ್ಣ ಕೊಡುವುದಿಲ್ಲ ಎನ್ನುತ್ತಾನೆ. ಪವಿತ್ರ ಮಗಳ ಕಡೆಯ ವಕೀಲೆ. ಹೇಮಶ್ರೀ ಅಣ್ಣನ ಕಡೆ.

ತಯಾರಿಯಲ್ಲಿ ಕೊರತೆಯಿರಲಿಲ್ಲ. ಕಾಯ್ದೆ, ಕಲಮು, ತಿದ್ದುಪಡಿ, ತೀರ್ಪು ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಮಗಳೂ ಮಗನಷ್ಟೇ ಹಕ್ಕುದಾರಳು ಎಂದು ಅವಳು ಗಟ್ಟಿಯಾಗಿಯೇ ಶುರು ಮಾಡಿದಳು. ಆಮೇಲೆ ಹೇಮಶ್ರೀ ಎದ್ದು ನಿಂತಳು. ಆ ಹುಡುಗಿಗೆ ಕಾನೂನು ಅಷ್ಟಕ್ಕಷ್ಟೆ, ಬಾಯಿ ಮಾತ್ರ ಜೋರು. "ಸ್ವಾಮಿ, ನನ್ನ ಕಕ್ಷಿದಾರ ತಂಗಿಯನ್ನು ಎತ್ತಿ ಆಡಿಸಿದವನು. ಪ್ರತಿ ಗೌರಿ ಹಬ್ಬಕ್ಕೂ ಬಾಗಿನ ತೆಗೆದುಕೊಂಡು ಹೋದವನು. ಇವತ್ತು ಈ ಕೇಸಿನಿಂದಾಗಿ ತವರಿನ ಬಾಗಿಲು ಮುಚ್ಚಿದೆ. ಇದಕ್ಕೆ ಯಾರು ಹೊಣೆ?" ಎಂದಳು. ಎಲ್ಲೋ ಟಿವಿಯಲ್ಲಿ ನೋಡಿದ ಡೈಲಾಗಿರಬೇಕು.

ಪವಿತ್ರ ಉತ್ತರ ಕೊಡಲು ಎದ್ದಳು. ಎದುರಿಗಿದ್ದ ಪುಸ್ತಕ ಕಾಣಲಿಲ್ಲ, ಬಾರದ ಬೈಕು ಕಾಣಿಸಿತು. ಬಾಯಿ ತಾನಾಗಿ ತೆರೆದುಕೊಂಡಿತು.

"ಹೋಗಲಿ ಬಿಡಿ ಸ್ವಾಮಿ" ಎಂದಳು. "ಗದ್ದೆ ಅವನೇ ಇಟ್ಟುಕೊಳ್ಳಲಿ. ವರ್ಷಕ್ಕೊಂದು ಸಲ ಹಬ್ಬಕ್ಕೆ ಬಂದು ಹೋದರೆ ನಮ್ಮ ಕಕ್ಷಿದಾರಳಿಗೆ ಅಷ್ಟೇ ಸಾಕು."

ಹಿಂದಿನ ಸಾಲಿನಿಂದ ನಗು ಶುರುವಾಗಿ ಮುಂದಿನ ಸಾಲಿನವರೆಗೂ ಬಂತು. ಗೆದ್ದ ಹೇಮಶ್ರೀಯೇ ಬೆಪ್ಪಾಗಿ ನಿಂತಿದ್ದಳು.

ಚಂದ್ರಶೇಖರ ಸಾರ್ ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೇಡಂ, ಬಿಟ್ಟುಕೊಡಿ ಅಂತ ನಿಮ್ಮ ಕಕ್ಷಿದಾರಳು ಹೇಳಿದ್ದಳಾ?"

"ಇಲ್ಲ ಸಾರ್."

"ಬಿಟ್ಟುಕೊಡಲಾ ಅಂತ ನೀವು ಅವಳನ್ನು ಕೇಳಿದ್ರಾ?"

"ಇಲ್ಲ ಸಾರ್."

"ಅವಳನ್ನು ಒಂದು ಮಾತೂ ಕೇಳದೆ ಅವಳದ್ದನ್ನು ದಾನ ಮಾಡಿಬಿಟ್ಟಿರಿ. ಎದುರು ಪಾರ್ಟಿಯ ವಕೀಲರೂ ಇಷ್ಟು ಅನ್ಯಾಯ ಮಾಡಲಿಲ್ಲ ನೋಡಿ" ಎಂದು ಸಾರ್ ಪೆನ್ನಿನ ಕ್ಯಾಪು ಹಾಕಿದರು. ಫೇಲು. ಶ್ರಾವಣದಲ್ಲಿ ಇನ್ನೊಂದು ಅವಕಾಶ. ಅದೂ ಹೋದರೆ ಒಂದು ವರ್ಷ ಹೋಯಿತು.

ಅವತ್ತು ಪಾಂಡವಪುರದ ಬಸ್ಸಿನಲ್ಲಿ ಅವಳು ಕಿಟಕಿಗೆ ಹಣೆಯಿಟ್ಟು ತನ್ನನ್ನು ತಾನೇ ಬೈದುಕೊಂಡಷ್ಟು ಇನ್ಯಾರನ್ನೂ ಬೈದಿರಲಿಲ್ಲ. ಕೆ.ಆರ್.ಪೇಟೆಯಿಂದ ನಾಗಮಂಗಲದವರೆಗೆ ನೆಂಟರಿಷ್ಟರೆಲ್ಲ, ಈ ಹೆಂಗಸು ಕಾನೂನು ಕಲಿತು ಅಣ್ಣನ ಗದ್ದೆ ನುಂಗುತ್ತಾಳೆ ಎಂದು ಹೆದರಿ ಕೂತಿದ್ದಾರೆ. ಈ ಹೆಂಗಸಿಗೋ, ಇಲ್ಲದ ಒಬ್ಬ ಹೆಣ್ಣುಮಗಳ ಇಲ್ಲದ ಗದ್ದೆಯನ್ನು ಸುಳ್ಳು ಕೋರ್ಟಿನಲ್ಲಿ ಹಿಡಿದಿಟ್ಟುಕೊಳ್ಳುವ ಯೋಗ್ಯತೆಯಿಲ್ಲ. ಅಂಗಡಿ ಮುಚ್ಚಿ ಬಂದರೂ "ಓಗ್ಲಿ ಬುಡಕ್ಕ" ಎನ್ನುವುದು ಅವಳ ಹಿಂದೆಯೇ ಕಾಲೇಜಿಗೂ ಬಂದಿತ್ತು.

ಆಷಾಢ ಕಳೆಯುವುದನ್ನೇ ಕಾಯುತ್ತಿದ್ದ ಹಾಗೆ ಸೀರೆ ಬಂತು.

ದೇವರಾಜು ತಾನು ಬರಲಿಲ್ಲ. ಪಾಂಡವಪುರದ ಕಡೆ ಹೊರಟಿದ್ದ ಒಬ್ಬರ ಕೈಯಲ್ಲಿ ನಿಂಗರಾಜುವಿನ ಅಂಗಡಿಗೆ ಕಳಿಸಿದ್ದ. ಅಚ್ಚ ಹಸಿರು ಸೀರೆ, ಅಗಲ ಜರಿಯಂಚು. ಪವಿತ್ರ ಕವರು ಬಿಚ್ಚಿ ನೋಡಿದ ಕೂಡಲೇ ಅದರ ಹೆಸರು ಹೇಳಬಲ್ಲವಳಾಗಿದ್ದಳು. ಇಪ್ಪತ್ತು ವರ್ಷ ಇಂಥವಕ್ಕೇ ಬ್ಲೌಸು ಹೊಲಿದವಳಲ್ಲವೇ. ಹಿಂದೆಯೇ ಫೋನೂ ಬಂತು. ಮಾತಾಡಿದ್ದು ಅಣ್ಣನಲ್ಲ, ಅವ್ವ.

"ಗುರುವಾರ ಬೆಳಿಗ್ಗೆ ಕೆ.ಆರ್.ಪೇಟೆಗೆ ಬಂದ್ಬುಡವ್ವ. ಒಸಿ ಕೆಲ್ಸ ಅದಂತೆ. ಊಟ ಅಲ್ಲೇ."

"ಏನ್ ಕೆಲ್ಸ ಅವ್ವ?"

"ಅದೇ ಕಣವ್ವ" ಎಂದಳು ಚಿಕ್ಕಬೋರಮ್ಮ. ಆ ಕಡೆ ಅಣ್ಣ ಏನೋ ಗೊಣಗಿದ್ದು ಕೇಳಿಸಿತು. "ಈ ಸಲ ಗೌರಿ ಹಬ್ಬುಕ್ಕೆ ಬತ್ತಾನಂತೆ. ಬ್ಲೌಸು ನೀನೇ ಒಲ್ಕೊಬುಡು, ಆಯ್ತಾ?"

ಪವಿತ್ರಳಿಗೆ ನಗಬೇಕೋ ಫೋನನ್ನು ಗೋಡೆಗೆ ಎಸೆಯಬೇಕೋ ತಿಳಿಯಲಿಲ್ಲ. ಸಹಿ ಹಾಕುವವಳೂ ಅವಳೇ, ಸಹಿಗೆ ಬಂದ ಸೀರೆಗೆ ಬ್ಲೌಸು ಹೊಲಿದುಕೊಳ್ಳುವವಳೂ ಅವಳೇ. ಸಾಲದ್ದಕ್ಕೆ ಅದೇ ಗುರುವಾರ ಮಧ್ಯಾಹ್ನ ಕಾಲೇಜಿನಲ್ಲಿ ಅವಳ ಎರಡನೇ ವಾದ. "ಬೇರೆ ದಿನ ಇಟ್ಕೊಳಕಾಗಲ್ವಾ?" ಎಂದರೆ "ಟೋಕನ್ ತಗಂಡಾಗದೆ" ಎಂದು ಅಣ್ಣ ಹೇಳಿಸಿದ. ನಿಂಗರಾಜು ಮಾತ್ರ ಯಾವ ಚಿಂತೆಯೂ ಇಲ್ಲದೆ, "ಬೆಳಿಗ್ಗೆ ಅಲ್ಲಿ ಗದ್ದೆ ಬುಟ್ಬುಟ್ಟು ಬಾ, ಮದ್ಯಾನ ಇಲ್ಲಿ ಗದ್ದೆ ಕೇಳು. ಅದ್ಕೇನಂತೆ?" ಎಂದ. ಅವನಿಗೆ ತಮಾಷೆ. ಪವಿತ್ರ ಬುಧವಾರ ಮಧ್ಯಾಹ್ನವೆಲ್ಲ ಮಷೀನಿನ ಮುಂದೆ ಕೂತು ಆ ಬ್ಲೌಸು ಹೊಲಿದಳು. ಕೊನೆಗೆ ಹುಕ್ಕು ಹಾಕಬೇಕಾದಾಗ ಸೂಜಿಗೆ ದಾರ ಪೋಣಿಸಿದವಳು ಸುಮ್ಮನೆ ಕೂತುಬಿಟ್ಟಳು. ಹುಕ್ಕು ಹಾಕಲಿಲ್ಲ.

ಗುರುವಾರ ಅವಳು ಕೆ.ಆರ್.ಪೇಟೆಯಲ್ಲಿ ಬಸ್ಸಿಳಿದು ರಿಜಿಸ್ಟ್ರಾರ್ ಆಫೀಸಿನ ಅಂಗಳಕ್ಕೆ ಬಂದಾಗ, ಚಿಕ್ಕಬೋರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಮಧ್ಯಾಹ್ನದ ವಾದಕ್ಕೆಂದು ಪವಿತ್ರ ಬಿಳಿ ಸೀರೆಯುಟ್ಟು, ಕಪ್ಪು ಕೋಟನ್ನು ತೋಳಿನ ಮೇಲೆ ಹಾಕಿಕೊಂಡಿದ್ದಳು. ಹಸಿರು ಸೀರೆ ಕವರಿನಲ್ಲಿತ್ತು.

"ಗಂಡ ಬದ್ಕಿರೋ ಎಣ್ಮಗ್ಳು, ಏನವ್ವ ಇದು ಬಿಳಿ ಸೀರೆ!"

"ಕಾಲೇಜದೆ ಕಣವ್ವ."

ದೇವರಾಜುವಿನ ಕಣ್ಣು ಆ ಕೋಟಿನ ಮೇಲೇ ಇತ್ತು. ಎರಡು ವರ್ಷದಲ್ಲಿ ಅವನ ಕಿವಿಯ ಹತ್ತಿರದ ಕೂದಲೆಲ್ಲ ಬೆಳ್ಳಗಾಗಿತ್ತು. ಅವನನ್ನು ನೋಡಿದ್ದೇ ಪವಿತ್ರಳಿಗೆ ಸಿಟ್ಟೂ ಬಂತು, ಪಾಪ ಎಂದೂ ಅನ್ನಿಸಿತು. "ಕಾಫಿ ಕುಡುದ್ಯಾ?" ಎಂದು ಅವನು ಎಲ್ಲೋ ನೋಡಿಕೊಂಡು ಕೇಳಿದ. ಪತ್ರ ಬರೆಯುವವನು ಕಾಗದ ಜೋಡಿಸಿ, "ಇಲ್ಲಿ, ಇಲ್ಲಿ, ಮತ್ತೆ ಕೊನೇ ಪುಟುದಲ್ಲಿ" ಎಂದು ಬೆರಳಿಟ್ಟು ತೋರಿಸಿ ಪೆನ್ನು ಕೊಟ್ಟ. ಪವಿತ್ರ ಪೆನ್ನು ತೆಗೆದುಕೊಂಡಳು. ಹಾಕಿಬಿಡುವುದು ಎಂದೇ ಅವಳು ಬಂದಿದ್ದದ್ದು. ಮೂರು ಸಹಿ, ಒಂದು ಫೋಟೊ. ಗೌರಿ ಹಬ್ಬಕ್ಕೆ ಬೈಕು ಬರುತ್ತದೆ, ಮಧ್ಯಾಹ್ನದ ಬಸ್ಸೂ ಸಿಗುತ್ತದೆ. ಪೆನ್ನು ಕಾಗದದ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಅವಳನ್ನು ಒಂದು ಮಾತೂ ಕೇಳದೆ, ಎಂದಿದ್ದರು ಸಾರ್.

"ಅಣ್ಣಯ್ಯ, ಸೈನ್ ಆಕ್ತೀನಿ. ಅದ್ಕೂ ಮುಂಚೆ ನೀನು ನನ್ ಕೇಳು."

"ಏನ್ ಕೇಳಾದು?"

"ಇದುನ್ನೇ. ಎಲ್ಡ್ ವರ್ಸದಿಂದ ನಿನ್ನ ನನ್ ಮನೆ ಒಸ್ಲು ತುಳೀದಂಗ್ ಮಾಡ್ಬುಡ್ತಲ್ಲ, ಇದುನ್ನೇ. ಬಾಯ್ಬುಟ್ಟು ಕೇಳು. ನಿನ್ ಪಾಲು ನಂಗ್ ಬುಟ್ಕೊಡು ಅಂತ."

ದೇವರಾಜು ಸುತ್ತ ನೋಡಿದ. ಬೆಂಚಿನ ಮೇಲೆ ಕೂತಿದ್ದವರೆಲ್ಲ ಇತ್ತಲೇ ನೋಡುತ್ತಿದ್ದರು. "ಸೀರೆ ಕಳ್ಸಿಲ್ವಾ?" ಎಂದ ತಗ್ಗಿದ ದನಿಯಲ್ಲಿ.

"ಸೀರೆ ಮಾತಾಡಲ್ಲ ಕಣಣ್ಣಯ್ಯ, ನೀನ್ ಮಾತಾಡು. ಒಂದ್ ಮಾತು ಅಷ್ಟೇಯ. ಕೇಳಿದ್ ತಕ್ಷಣ ಆಕ್ಬುಡ್ತೀನಿ."

ಅವನು ಜೇಬಿನಿಂದ ಟೋಕನ್ ಚೀಟಿ ತೆಗೆದು ನೋಡಿ ಮತ್ತೆ ಒಳಗಿಟ್ಟ. ಕೇಳಿದರೆ ಅದು ತಂಗಿಯದು ಎಂದು ತನ್ನ ಬಾಯಿಂದಲೇ ಒಪ್ಪಿಕೊಂಡ ಹಾಗೆ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಪತ್ರ ಬರೆಯುವವನು, "ಬೇಗ ಮಾಡ್ಕೊಳಿ, ಟೋಕನ್ ಕೂಗ್ತಾರೆ" ಎಂದು ಅವಸರ ಮಾಡಿದ.

ಅಷ್ಟು ಹೊತ್ತೂ ಗೋಡೆಗೊರಗಿ ನಿಂತಿದ್ದ ಚಿಕ್ಕಬೋರಮ್ಮ ಮೆಲ್ಲಗೆ ಬಾಯಿ ತೆರೆದಳು. "ನಾಗಮಂಗಲದಲ್ಲಿ ನಮ್ಮಣ್ಣದೀರು ನಂಗೂ ಒಂದ್ ಸೀರೆ ಕೊಟ್ಟಿದ್ರು. ನೀಲಿದು. ಎಬ್ಬೆಟ್ಟಿನ್ ಮಸಿ ಅದುರ್ ಸೆರುಗ್ಗೆ ಅಂಟ್ಕೋತು, ಎಷ್ಟ್ ಒಗುದ್ರೂ ಓಗ್ನಿಲ್ಲ." ಮಗನ ಕಡೆ ತಿರುಗಿದಳು. "ನನ್ನೂ ಯಾರೂ ಕೇಳ್ನಿಲ್ಲ. ನೀನಾರೂ ಕೇಳ್ಲಾ."

ದೇವರಾಜು ಅವ್ವನ ಮುಖ ನೋಡಿದ, ತಂಗಿಯ ಮುಖ ನೋಡಿದ. ಆಮೇಲೆ, "ಇಬ್ರೂ ಸೇರ್ಕೊಂಡ್ ನನ್ ಮಾನ ಕಳೀತೀರಾ?" ಎಂದವನೇ ಚಪ್ಪಲಿ ಎಳೆದುಕೊಂಡು ಟೀ ಅಂಗಡಿಯ ಕಡೆ ನಡೆದುಬಿಟ್ಟ. ಒಳಗಿನಿಂದ ಟೋಕನ್ ಕೂಗಿದರು. ಮತ್ತೆ ಕೂಗಿದರು. ಯಾರೂ ಹೋಗಲಿಲ್ಲ. ಪವಿತ್ರ ಪೆನ್ನನ್ನು ಕಾಗದದ ಮೇಲಿಟ್ಟು, ಹಸಿರು ಸೀರೆಯ ಕವರನ್ನು ಅವ್ವನ ಕೈಗೆ ಕೊಟ್ಟು, ಬಸ್ ಸ್ಟ್ಯಾಂಡಿಗೆ ಹೊರಟಳು. ತವರು ಮುಗಿಯಿತು ಎಂದುಕೊಂಡಳು. ಒಂದು ಮಾತು, ಬರೀ ಒಂದು ಮಾತು. ಇವನ ಗಂಟೇನು ಹೋಗುತ್ತಿತ್ತು?

ಬಸ್ಸು ಎಂದಿನಂತೆ ಪ್ರತಿ ಹಳ್ಳಿಯ ಮುಂದೂ ನಿಂತು, ಪ್ರತಿ ಬುಟ್ಟಿಯನ್ನೂ ಹತ್ತಿಸಿಕೊಂಡು, ಅವಳ ಜೀವ ತಿಂದು, ಕೊನೆಗೂ ಶ್ರೀರಂಗಪಟ್ಟಣ ದಾಟಿ ಕಾಲೇಜು ಮುಟ್ಟಿಸಿತು. ಅವಳು ಓಡುತ್ತಲೇ ಕೋಟು ಹಾಕಿಕೊಂಡು ಹಾಲಿಗೆ ನುಗ್ಗಿದಾಗ, ತಾನು ಪಾಸಾಗಿದ್ದರೂ ಅವಳಿಗೋಸ್ಕರ ಎದುರು ನಿಲ್ಲಲು ಒಪ್ಪಿದ್ದ ಹೇಮಶ್ರೀ ಆಗಲೇ ಎತ್ತಿ ಆಡಿಸಿದ ಅಣ್ಣನನ್ನು ಮತ್ತೆ ಕರೆತಂದಿದ್ದಳು. ಅದೇ ಗೌರಿ ಹಬ್ಬ, ಅದೇ ಬಾಗಿನ, ಅದೇ ಮುಚ್ಚಿದ ಬಾಗಿಲು. ಪವಿತ್ರಳ ಸರದಿ ಬಂತು. ಈ ಸಲ ಅವಳು ಪುಸ್ತಕ ನೋಡಲೇ ಇಲ್ಲ. ಒಂದೊಂದೇ ಕಲಮು ಹೇಳುತ್ತ, ನಡುವೆ ಹೇಮಶ್ರೀ ಎದ್ದರೆ ಕೈಸನ್ನೆಯಲ್ಲೇ ಕೂರಿಸುತ್ತ, ಕೊನೆಯವರೆಗೂ ಒಂದೇ ದನಿಯಲ್ಲಿ ವಾದ ಮಾಡಿದಳು.

ಚಂದ್ರಶೇಖರ ಸಾರ್ ಬೇಕೆಂದೇ ಗಾಳ ಹಾಕಿದರು. "ನಿಮ್ಮ ಕಕ್ಷಿದಾರಳು ರಾಜಿಗೆ ತಯಾರಿದ್ದಾಳಾ?"

"ಇರಬಹುದು ಸ್ವಾಮಿ" ಎಂದಳು ಪವಿತ್ರ. "ಆದರೆ ಅವಳದ್ದು ಅವಳದು ಎಂದು ಮೊದಲು ಎದುರುಗಡೆಯವರು ಒಪ್ಪಿಕೊಂಡು, ಆಮೇಲೆ ಅವಳನ್ನು ಕೇಳಲಿ. ಕೇಳಿದರೆ ಅವಳೇ ಉತ್ತರ ಕೊಡುತ್ತಾಳೆ. ಅವಳ ಪರವಾಗಿ ನಾನು ಕೊಡುವುದಿಲ್ಲ."

ಸಾರ್ ತಲೆಯಾಡಿಸಿ ಬರೆದುಕೊಂಡರು. ಪಾಸು ಎಂದು ತಿಳಿದದ್ದು ಅವರು ಎದ್ದು ಹೋಗುವಾಗ ಹೇಳಿದ ಮಾತಿನಿಂದ: "ನಿಜವಾದ ಕೋರ್ಟಿಗೆ ಹೋಗುವಾಗ ಕೋಟಿನ ಗುಂಡಿ ನೋಡಿಕೊಂಡು ಹಾಕಿ ಮೇಡಂ, ಒಂದು ಕೆಳಗೆ ಮೇಲೆ ಆಗಿದೆ." ಟೈಲರ್ ಆಗಿದ್ದವಳಿಗೆ ಈ ಮಾತು! ಹೇಮಶ್ರೀ ಬಂದು ತಬ್ಬಿಕೊಂಡಳು. ಪವಿತ್ರಳಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಆದರೆ ಟೀ ಅಂಗಡಿಯ ಕಡೆ ನಡೆದುಹೋದ ಅಣ್ಣನ ಬೆನ್ನು ಕಣ್ಣಿನಿಂದ ಹೋಗಲಿಲ್ಲ.

ಗೌರಿ ಹಬ್ಬ ಬಂತು. ಈ ಸಲ ಅವಳು ಬಾಗಿಲಿಗೆ ಓಡಾಡಲಿಲ್ಲ. ಒಲೆಯ ಮುಂದೆ ಬೆನ್ನು ಮಾಡಿ ನಿಂತು ಒಬ್ಬಟ್ಟು ತಟ್ಟುತ್ತಿದ್ದಳು. ಬೈಕಿನ ಸದ್ದಾಯಿತು. ಯಾರದೋ ಇರಬೇಕು ಎಂದುಕೊಂಡಳು. ಸದ್ದು ಮನೆಯ ಮುಂದೆಯೇ ನಿಂತಿತು.

ದೇವರಾಜು ಬಟ್ಟೆಯಲ್ಲಿ ಕಟ್ಟಿದ ಮೊರ ಹಿಡಿದುಕೊಂಡು ನಿಂತಿದ್ದ. "ಬಾಗ್ನ" ಎಂದ, ಅವಳಿಗೆ ಗೊತ್ತಿಲ್ಲವೇನೋ ಎಂಬಂತೆ. ಜಗುಲಿಯ ಮೇಲೆ ಕೂತ. ಕಾಫಿ ಕುಡಿದ. ಕಬ್ಬು ಕಡಿಯುವವರು ಸಿಗುತ್ತಿಲ್ಲ ಎಂದ. ಅವ್ವನ ಮಂಡಿ ನೋವು ಹಾಗೇ ಇದೆ ಎಂದ. ಎಮ್ಮೆ ಕರು ಹಾಕಿತು ಎಂದ. ನಿಂಗರಾಜು ಇದ್ದಕ್ಕಿದ್ದ ಹಾಗೆ ಅಂಗಡಿಯಲ್ಲಿ ಏನೋ ಮರೆತಿದ್ದೇನೆ ಎಂದು ಎದ್ದುಹೋದ. ದೇವರಾಜು ಇನ್ನೊಂದು ಲೋಟ ಕಾಫಿ ಕುಡಿದು, ಬೂಕನಕೆರೆ ರಸ್ತೆಯ ಹಳ್ಳಕೊಳ್ಳಗಳನ್ನೆಲ್ಲ ಒಂದೊಂದಾಗಿ ಬಣ್ಣಿಸಿ, "ಚೆನ್ನಾಗಿರವ್ವ" ಎಂದು ಎದ್ದ. ಪವಿತ್ರಳಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಎಮ್ಮೆಯ ಕರುವಿಗೆ ಬಾಯಿ ಬರುತ್ತದೆ ಇವನಿಗೆ, ರಸ್ತೆಯ ಹಳ್ಳಕ್ಕೆ ಬರುತ್ತದೆ!

ಅವನು ಬೈಕು ಹತ್ತಿ ಬೀಗದ ಕೈ ತಿರುಗಿಸಿದ. ಆಮೇಲೆ ಪೆಟ್ರೋಲ್ ಟ್ಯಾಂಕನ್ನೇ ನೋಡಿಕೊಂಡು, "ಪವಿ" ಎಂದ.

"ಏನಣ್ಣಯ್ಯ?"

"ನಾಲೆ ಪಕ್ದ ಗದ್ದೆ." ಅವನು ಟ್ಯಾಂಕಿನ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದ. "ಅದ್ರಲ್ಲಿ ನಿಂದೂ ಪಾಲದೆ." ಇನ್ನೊಂದು ಸಲ ಒರೆಸಿದ. "ಅದ ನಂಗ್ ಬುಟ್ಕೊಡ್ತೀಯೇನವ್ವ?"

ಆಯಿತು ಎನ್ನುವ ಮಾತು ಎಷ್ಟೋ ಕಾಲದಿಂದ ಅವಳ ನಾಲಿಗೆಯ ಮೇಲೆ ಸಿದ್ಧವಾಗಿ ಕೂತಿತ್ತು. ಬಾಯಿ ತೆರೆದಳು. ಬರಲಿಲ್ಲ. ಬದಲಿಗೆ ಆ ಗದ್ದೆ ಕಣ್ಣಿಗೆ ಬಂತು. ಅಪ್ಪನಿಗೆ ಬುತ್ತಿ ತೆಗೆದುಕೊಂಡು ಹೋಗಿ ಬದುವಿನ ಮೇಲೆ ಕೂತು ಕಾಲುವೆಯ ನೀರಿಗೆ ಕಾಲು ಬಿಟ್ಟುಕೊಳ್ಳುತ್ತಿದ್ದ ಜಾಗ. ಇಷ್ಟು ವರ್ಷ ಅದು ಅಪ್ಪನ ಗದ್ದೆಯಾಗಿತ್ತು, ಆಮೇಲೆ ಅಣ್ಣನ ಗದ್ದೆಯಾಗಿತ್ತು. ತನ್ನದು ಎಂದು ಅವಳು ಅದನ್ನು ನೋಡಿದ್ದು ಈಗಲೇ ಮೊದಲು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಈ ಮನುಷ್ಯ ಕೊನೆಗೂ ಬಾಯಿ ಬಿಟ್ಟಿದ್ದಾನೆ, ನಿನಗೇನು ರೋಗ ಬಂತೇ?

"ಯೋಚ್ನೆ ಮಾಡ್ ಏಳ್ತೀನಿ ಕಣಣ್ಣಯ್ಯ" ಎಂದಳು.

ದೇವರಾಜು ತಲೆಯೆತ್ತಿದ. "ಏನೂ? ಕೇಳಿದ್ ತಕ್ಷಣ ಆಕ್ತೀನಿ ಅಂದಿದ್ದೆ!"

"ಅಂದಿದ್ದೆ. ಕೇಳ್ದಾಗ ಇಂಗಾಯ್ತದೆ ಅಂತ ನಂಗೇನ್ ಗೊತ್ತಿತ್ತು?"

ಅವನು ಹಣೆ ಬಡಿದುಕೊಂಡ. "ನಿಂಗೆ ಕೇಳ್ದಿದ್ರೂ ಕಷ್ಟ, ಕೇಳುದ್ರೂ ಕಷ್ಟ!" ಎಂದು ಬೈಕು ಸ್ಟಾರ್ಟ್ ಮಾಡಿ, ಹಾಗೇ ಕೂತು, ಮತ್ತೆ ಆಫ್ ಮಾಡಿದ. "ಯಾವಾಗ್ ಏಳ್ತೀಯ?"

"ಗೊತ್ತಿಲ್ಲ. ಬಂದು ಕೇಳ್ತಾ ಇರು."

ದೇವರಾಜು ಲಾ ಕಾಲೇಜನ್ನೂ, ಅದನ್ನು ಕಟ್ಟಿಸಿದವರನ್ನೂ, ಹೆಂಗಸರನ್ನು ಅದಕ್ಕೆ ಸೇರಿಸಿಕೊಂಡವರನ್ನೂ ಒಟ್ಟಿಗೆ ಬೈದ. ಆಮೇಲೆ ಉಸಿರು ಬಿಟ್ಟು, "ಮುಂದಿನ್ ವಾರ ಬತ್ತೀನಿ. ಅವ್ವುನ್ನೂ ಕರ್ಕೊಂಡ್ ಬತ್ತೀನಿ" ಎಂದ.

"ಬಾ. ಸೀರೆ ಮಾತ್ರ ತರ್ಬೇಡ" ಎಂದಳು ಪವಿತ್ರ.